ಲಕ್ಷಣದೋಷವೂ ಶಾರ್ಕ್ ಮೀನೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಲ್ಲಿರುವ ನಮಗೆ ಭೀಮೆ ಕೃಷ್ಣೆಯರೇ ಸಮುದ್ರ. ಶಾರ್ಕಿನ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ಆದರೆ ತರ್ಕಶಾಸ್ತ್ರದ ಮೊದಲ ಪಾಠವೊಂದು ಮಂಗಳೂರು, ಮಲ್ಪೆಗಳ ಮೀನುಬಂದರುಗಳಲ್ಲಿ ಪರೀಕ್ಷೆಗೆ ಬರುತ್ತಲಿದೆ.

ಕೊಂಬುಳ್ಳದ್ದೆಲ್ಲ ಹಸುವೆಂದರೆ ಎಮ್ಮೆಯೂ ಹಸುವಾದೀತು; ಇದು ಅತಿವ್ಯಾಪ್ತಿ. ಕಪಿಲವರ್ಣದ್ದೇ ಹಸುವೆಂದರೆ ಬಿಳಿಯ ಹಸು ಹೊರಗುಳಿದೀತು, ಇದು ಅವ್ಯಾಪ್ತಿ.

ಈಜುರೆಕ್ಕೆಯ ತುದಿ ಕಪ್ಪಾಗಿರುವ ಶಾರ್ಕುಗಳು ಹಲವು ಜಾತಿ. ಅವುಗಳಲ್ಲಿ ಬ್ಲ್ಯಾಕ್‌ಟಿಪ್, ಸ್ಪಿನ್ನರ್ ಎಂಬೆರಡು ಅವಳಿಗಳಂತಿವೆ. ಬೆಳೆದ ಸ್ಪಿನ್ನರಿನ ಗುದರೆಕ್ಕೆಯ ತುದಿ ಕಪ್ಪು. ಬ್ಲ್ಯಾಕ್‌ಟಿಪ್ಪಿನದು ಸಾಮಾನ್ಯವಾಗಿ ಬೆಳ್ಳಗಿರುತ್ತದೆ. ಆದರೆ ಸ್ಪಿನ್ನರಿನ ಎಳೆಮರಿಗೆ ಆ ಕಪ್ಪೇ ಇರುವುದಿಲ್ಲ, ಮತ್ತೆ ಅವ್ಯಾಪ್ತಿ! ಆದುದರಿಂದ ಬೆನ್ನಿನ ಮೊದಲ ರೆಕ್ಕೆಯು ಎಲ್ಲಿ ಆರಂಭವಾಗುವುದೆಂಬುದನ್ನೂ ನೋಡತಕ್ಕದ್ದು. ಬ್ಲ್ಯಾಕ್‌ಟಿಪ್ಪಿನಲ್ಲಿ ಅದು ಎದೆರೆಕ್ಕೆಯ ಬುಡದ ಸಮೀಪದಲ್ಲಿ. ಸ್ಪಿನ್ನರಿನಲ್ಲಿ ಇನ್ನೂ ಹಿಂದಕ್ಕೆ.

ಎರಡನ್ನೂ ಒಂದೇ ಹೆಸರಿನಲ್ಲಿ ಬರೆದುಕೊಂಡರೆ, ಒಂದು ಕುಲವು ಕ್ಷಯಿಸುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಕಾಣದು. ಶಾರ್ಕು ತಡವಾಗಿ ಪ್ರಾಯಕ್ಕೆ ಬಂದು ಕೆಲವೇ ಮರಿಗಳನ್ನೀಯುವ ಪ್ರಾಣಿ. ಕಳೆದುದು ಬೇಗ ತುಂಬದು. ರೆಕ್ಕೆಯನ್ನು ಕೊಯ್ದು ಒಡಲನ್ನು ಕಡಲಿಗೆಸೆದರಂತೂ ಗುರುತೇ ಅಳಿಯುವುದು. ಅದಕ್ಕೆಂದೇ ೨೦೧೩ರಲ್ಲಿ ಭಾರತ ಸರ್ಕಾರವು ರೆಕ್ಕೆಯು ಒಡಲಿಗೆ ಅಂಟಿಕೊಂಡಂತೆಯೇ ಮೀನನ್ನು ದಡಕ್ಕೆ ತರಬೇಕೆಂದು ವಿಧಿಸಿತು. ಕೆಲವು ಜಾತಿಗಳನ್ನು ಹಿಡಿಯುವುದು ೨೦೦೧ರಿಂದ ಅಪರಾಧವೇ ಆಗಿದೆ. ಗುರುತು ತಪ್ಪಿದರೆ ಬಡ ಮೀನುಗಾರನು ಅರಿಯದೆಯೇ ತಪ್ಪಿತಸ್ಥನಾದಾನು.

ಲಕ್ಷಣ ತಿಳಿಯದಿದ್ದಲ್ಲಿ ಕಾನೂನೂ ಕುರುಡು. ಈ ಸಂಜೆ ಮನೆಯ ಮಕ್ಕಳನ್ನು, “ಹಸು ಎಂದರೇನು?” ಎಂದು ಕೇಳಿ ನೋಡಿರಿ.