‘ನಪುಂಸಕಲಿಂಗ’ವೆಂಬ ಪರಿಭಾಷೆಯೂ ‘ಅದು’ ಎಂಬ ಸರ್ವನಾಮವೂ

ಕನ್ನಡ ವ್ಯಾಕರಣದ ತರಗತಿಯಲ್ಲಿ ಕರಿಹಲಗೆಯ ಮೇಲೆ ಮೂಡುವ ಮೊದಲ ಕೋಷ್ಟಕಗಳಲ್ಲಿ ಲಿಂಗದ ಕೋಷ್ಟಕವೂ ಒಂದು. ಪುಲ್ಲಿಂಗಕ್ಕೆ ‘ಅವನು’, ಸ್ತ್ರೀಲಿಂಗಕ್ಕೆ ‘ಅವಳು’, ನಪುಂಸಕಲಿಂಗಕ್ಕೆ ‘ಅದು’. ಪ್ರೌಢಶಾಲೆಯಿಂದ ಸ್ನಾತಕೋತ್ತರ ತರಗತಿಯವರೆಗೆ ಈ ಮೂರು ಸಾಲುಗಳು ಬದಲಾಗದೆ ಸಾಗಿಬಂದಿವೆ. ಆದರೆ ಮೂರನೆಯ ಸಾಲಿನ ಹೆಸರಿಗೆ ತರಗತಿಯ ಹೊರಗೆ ಬೇರೊಂದು ಬದುಕಿದೆ. ಗಂಡೆಂದೂ ಹೆಣ್ಣೆಂದೂ ಸಮಾಜ ಒಪ್ಪಿಕೊಳ್ಳದ ಮನುಷ್ಯರನ್ನು ಹೀಯಾಳಿಸಲು ಬಳಕೆಯಾಗುವುದು ಅದೇ ‘ನಪುಂಸಕ’ ಎಂಬ ಪದ. ಅವರನ್ನು ಬೆರಳು ಮಾಡಿ ತೋರಿಸುವಾಗ ಬಳಕೆಯಾಗುವುದು ಅದೇ ‘ಅದು’. ಪರಿಭಾಷೆಯೂ ಬೈಗುಳವೂ ಒಂದೇ ಪದದಲ್ಲಿ ನೆಲೆಸಿರುವಾಗ, ಹಿಂದಿನ ಬೆಂಚಿನಲ್ಲಿ ಕುಳಿತು ದಿನವೂ ಆ ಬೈಗುಳ ಕೇಳುವ ವಿದ್ಯಾರ್ಥಿಗೆ ಕೋಷ್ಟಕದ ಮೂರನೆಯ ಸಾಲು ಬೈಗುಳಕ್ಕೆ ಶಾಸ್ತ್ರದ ಮುದ್ರೆ ಒತ್ತಿದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಇದನ್ನು ಕೇವಲ ಸೌಜನ್ಯದ ಪ್ರಶ್ನೆಯೆಂದು ಬದಿಗಿಡುವ ಮೊದಲು, ಆ ಸಾಲು ಶಾಸ್ತ್ರದೃಷ್ಟಿಯಿಂದಲಾದರೂ ಸರಿಯಿದೆಯೇ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಸರಿಯಿಲ್ಲವೆನ್ನಲು ಬಹುವಚನವೊಂದೇ ಸಾಕು. ‘ಅವನು’, ‘ಅವಳು’ ಎರಡಕ್ಕೂ ಬಹುವಚನ ‘ಅವರು’. ‘ಅದು’ ಎಂಬುದಕ್ಕೆ ‘ಅವು’. ಗಂಡು-ಹೆಣ್ಣೆಂಬ ಭೇದ ಬಹುವಚನದಲ್ಲಿ ಅಳಿದುಹೋಗುತ್ತದೆ. ಮನುಷ್ಯ-ಮನುಷ್ಯೇತರವೆಂಬ ಭೇದ ಮಾತ್ರ ಉಳಿದುಕೊಳ್ಳುತ್ತದೆ. ಅಂದರೆ ಕನ್ನಡ ಮೊದಲು ಕೇಳುವ ಪ್ರಶ್ನೆ ‘ಮನುಷ್ಯರೋ ಅಲ್ಲವೋ’ ಎಂಬುದು. ಗಂಡೋ ಹೆಣ್ಣೋ ಎಂಬುದು ಎರಡನೆಯ ಪ್ರಶ್ನೆ, ಅದೂ ಏಕವಚನದಲ್ಲಿ ಮಾತ್ರ. ಸಂಸ್ಕೃತದ ರೀತಿ ಬೇರೆ. ಅಲ್ಲಿ ಲಿಂಗವು ಶಬ್ದದ ಗುಣ. ಹೆಂಡತಿ ಎಂಬರ್ಥದ ‘ದಾರ’ ಪುಲ್ಲಿಂಗ, ಅದೇ ಅರ್ಥದ ‘ಕಲತ್ರ’ ನಪುಂಸಕಲಿಂಗ. ಅಲ್ಲಿ ‘ನಪುಂಸಕ’ವೆಂಬುದು ಒಂದು ಶಬ್ದವರ್ಗದ ಹೆಸರು. ಅದನ್ನು ತಂದು, ಅರ್ಥದ ಮೇಲೆಯೇ ನಿಂತಿರುವ ಕನ್ನಡದ ವಿಂಗಡಣೆಗೆ ತೊಡಿಸಿದಾಗ ಕಲ್ಲು, ಮರ, ನಾಯಿ, ಬೆಕ್ಕುಗಳ ವರ್ಗಕ್ಕೆ ಒಂದು ಬಗೆಯ ಮನುಷ್ಯರ ಹೆಸರು ಬಂದು ಕುಳಿತಿತು. ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಹುಟ್ಟುಹಾಕಿದ ವಾಗ್ವಾದ ಬರಬರುತ್ತ ಮಹಾಪ್ರಾಣಗಳ ಕಡೆಗೆ ಹೊರಳಿಕೊಂಡಿತು. ಸಂಸ್ಕೃತದ ಅಂಗಿ ಕನ್ನಡದ ಮೈಗೆ ಹೊಂದದೆ ಇರುವಲ್ಲಿ ಯಾರ ಚರ್ಮ ಉಜ್ಜಿಹೋಗುತ್ತದೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಕೇಶಿರಾಜನಿಗೆ ಈ ಇಕ್ಕಟ್ಟಿನ ಅರಿವಿತ್ತೆಂದು ತೋರುತ್ತದೆ. ಸುಮಾರು 1260ರ ‘ಶಬ್ದಮಣಿದರ್ಪಣ’ ಮೂರಕ್ಕೆ ನಿಲ್ಲದೆ ಒಂಬತ್ತು ಲಿಂಗಗಳನ್ನು ಹೇಳುತ್ತದೆ. ಒಂದಕ್ಕಿಂತ ಹೆಚ್ಚು ಲಿಂಗಗಳಲ್ಲಿ ನಡೆಯುವ ಶಬ್ದಗಳಿಗೆ ಅಲ್ಲಿ ಜಾಗವಿದೆ. ಶಾಲಾ ವ್ಯಾಕರಣಗಳು ಇಂದಿಗೂ ‘ಸೂರ್ಯ ಹುಟ್ಟಿದನು - ಸೂರ್ಯ ಹುಟ್ಟಿತು’, ‘ಹುಡುಗಿ ಬಂದಳು - ಹುಡುಗಿ ಬಂದಿತು’ ಎಂಬ ಜೋಡಿಗಳನ್ನು ಕೊಡುತ್ತವೆ. ನಾನು, ನೀನು, ತಾನು ಎಂಬುವನ್ನು ಯಾರ ಬಗ್ಗೆ ಹೇಳುತ್ತೇವೆಯೋ ಅವರ ಲಿಂಗವನ್ನೇ ಪಡೆಯುವ ಶಬ್ದಗಳೆಂದು ಪ್ರತ್ಯೇಕವಾಗಿ ಇಡುತ್ತವೆ. ಒಂಬತ್ತನ್ನು ಮೂರಕ್ಕಿಳಿಸಿದ್ದು ಭಾಷೆಯ ಸ್ವಭಾವವಲ್ಲ, ಪರೀಕ್ಷೆಯ ಅನುಕೂಲ.

ಮನುಷ್ಯವರ್ಗವೇ ಮೊದಲು ಎಂಬ ಈ ದ್ರಾವಿಡ ವಿಂಗಡಣೆಯನ್ನು ಬಾಯಿಬಿಟ್ಟು ಹೇಳಿದ್ದು ತಮಿಳಿನ ವ್ಯಾಕರಣ ಪರಂಪರೆ. ಅಲ್ಲಿ ಮನುಷ್ಯವಾಚಕಗಳು ‘ಉಯರ್ತಿಣೈ’, ಉಳಿದವು ‘ಅಃರಿಣೈ’. ‘ತೊಲ್ಕಾಪ್ಪಿಯಂ’ ಪದವಿಚಾರದ ಆರಂಭದಲ್ಲಿಯೇ, ಗಂಡುತನದಿಂದ ಹೆಣ್ತನದ ಕಡೆಗೆ ತಿರುಗಿದವರನ್ನು ಹೇಳುವ ಹೆಸರುಗಳ ಪ್ರಸ್ತಾಪ ಮಾಡುತ್ತದೆ. ಆ ಹೆಸರುಗಳಿಗೆ ತಮ್ಮದೇ ಆದ ಪ್ರತ್ಯಯವಿಲ್ಲ. ಆದರೆ ಅವು ಉಯರ್ತಿಣೈಗೇ ಸೇರಿ, ಅಲ್ಲಿನ ಪ್ರತ್ಯಯಗಳನ್ನೇ ಪಡೆಯುತ್ತವೆ ಎಂಬುದು ಅದರ ನಿಲುವು. ಅದೇ ಸೂತ್ರದಲ್ಲಿ ಅವರ ಜೊತೆಗೆ ಇರುವುದು ದೇವರ ಹೆಸರುಗಳು. ಸುಮಾರು ಹದಿಮೂರನೆಯ ಶತಮಾನದ ಹೊತ್ತಿಗೆ ಜೈನ ವೈಯಾಕರಣ ಪವಣಂದಿ ತನ್ನ ‘ನನ್ನೂಲ್’ನಲ್ಲಿ ಇದನ್ನು ಇನ್ನಷ್ಟು ಬಿಡಿಸಿದ. ಹೆಣ್ತನ ಬಿಟ್ಟು ಗಂಡಾಗಬಯಸುವವರಿಗೆ ಗಂಡಿನ ರೂಪ, ಗಂಡುತನ ಬಿಟ್ಟು ಹೆಣ್ಣಾಗಬಯಸುವವರಿಗೆ ಹೆಣ್ಣಿನ ರೂಪ ಎಂದ. ಬಯಕೆಯೇ ವ್ಯಾಕರಣದ ಆಧಾರ! ಆದರೆ ಅಷ್ಟಕ್ಕೇ ನಿಲ್ಲದೆ, ಈ ಇಬ್ಬರೂ ಅಃರಿಣೈಯಂತೆಯೂ ನಡೆಯಬಹುದೆಂದು ಕೊನೆಗೆ ಸೇರಿಸಿದ. ‘ತೊಲ್ಕಾಪ್ಪಿಯಂ’ ಮುಚ್ಚಿಟ್ಟಿದ್ದ ಬಾಗಿಲು ಅಲ್ಲಿ ತೆರೆಯಿತು. ಮನುಷ್ಯರೊಬ್ಬರನ್ನು ‘ಅದು’ ಎನ್ನುವುದಕ್ಕೆ ದೊರೆತ ಆ ಶಾಸ್ತ್ರಾನುಮತಿಯನ್ನು ಕನ್ನಡದಲ್ಲಿ ಒಂದು ಪರಿಭಾಷೆಯ ಹೆಸರೇ ಒದಗಿಸಿದೆ ಎನ್ನಬಹುದು.

ಇಲ್ಲಿ ಒಂದು ಆಕ್ಷೇಪ ಸಹಜ. ‘ಅದು’ ಎಲ್ಲ ಕಡೆಯೂ ತಿರಸ್ಕಾರವಲ್ಲವಲ್ಲ? ನಿಜ. ಕಾಸರಗೋಡು, ದಕ್ಷಿಣ ಕನ್ನಡಗಳ ಹವ್ಯಕ ಕನ್ನಡದಲ್ಲಿ ಹೆಂಗಸರಿಗೆ ‘ಅದು’ ಎಂಬುದೇ ಸಹಜ ರೂಪ, ಅದರಲ್ಲಿ ಅಗೌರವವಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಾತನ್ನು ಗಮನಿಸಿದರೂ ಸಾಕು. ಹೊಸಕೋಟೆ, ದೇವನಹಳ್ಳಿಗಳ ಅನೇಕ ಮನೆಗಳಲ್ಲಿ ತೆಲುಗೂ ಕನ್ನಡವೂ ಒಂದೇ ಉಸಿರಿನಲ್ಲಿ ನಡೆಯುತ್ತವೆ. ತೆಲುಗಿನಲ್ಲಿ ‘ಆಮೆ ವಚ್ಚಿಂದಿ’ ಎಂಬಲ್ಲಿಯೂ ‘ಕುಕ್ಕ ವಚ್ಚಿಂದಿ’ ಎಂಬಲ್ಲಿಯೂ ಕ್ರಿಯಾಪದ ಒಂದೇ. ಹೆಣ್ಣಿಗೆ ಏಕವಚನದಲ್ಲಿ ಬೇರೆ ಪ್ರತ್ಯಯವಿಲ್ಲ. ಅದೇ ಮನೆಯ ಕನ್ನಡದಲ್ಲಿ ‘ಅಜ್ಜಿ ಊಟ ಮಾಡ್ತು’, ‘ಪಾಪ, ಹುಡುಗಿ ಅಳ್ತಾ ಇತ್ತು’ ಎಂಬ ಮಾತುಗಳು ಮಮತೆಯಿಂದಲೇ ಬರುತ್ತವೆ. ಇದರ ಮೇಲೆ ‘ಆಯಪ್ಪ’, ‘ಆಯಮ್ಮ’, ‘ಆವಯ್ಯ’ ಎಂಬ ರೂಪಗಳಿವೆ. ಹೆಸರಿಗೆ ಇವು ಬಂಧುವಾಚಕಗಳು, ಕೆಲಸದಲ್ಲಿ ಸರ್ವನಾಮಗಳು. ‘ಅವನು’ ಎಂದರೆ ಕಡಿಮೆಯಾಯಿತು, ‘ಅವರು’ ಎಂದರೆ ಹೆಚ್ಚಾಯಿತು ಎನ್ನಿಸುವಲ್ಲಿ ‘ಆಯಪ್ಪ ಬಂದ’, ‘ಆಯಮ್ಮ ಹೇಳಿದ್ಲು’ ಎಂದು ನಡುವಿನ ದಾರಿ ಹಿಡಿಯುತ್ತಾರೆ. ಪಠ್ಯಪುಸ್ತಕದ ಸರ್ವನಾಮ ಪ್ರಕರಣದಲ್ಲಿ ಇವುಗಳಿಗೆ ಜಾಗ ದೊರೆತಿಲ್ಲ.

ಆದ್ದರಿಂದ ‘ಅದು’ ಎಂಬ ರೂಪವಷ್ಟೇ ದೋಷಿಯಲ್ಲ. ಅಜ್ಜಿಯನ್ನು ‘ಅದು’ ಎಂದವರು ಆಕೆಯ ಎದುರಿಗೆ ‘ಅಜ್ಜಿ’ ಎಂದೇ ಕರೆಯುತ್ತಾರೆ. ಬಂಧುವಾಚಕ ಆಕೆಯನ್ನು ಮನುಷ್ಯರ ನಡುವೆ ಭದ್ರವಾಗಿ ಹಿಡಿದಿರುತ್ತದೆ. ಬಂಧುವಾಚಕವನ್ನು ನಿರಾಕರಿಸಿ ‘ಅದು’ ಎಂಬುದನ್ನಷ್ಟೇ ಉಳಿಸಿದಾಗ ಅದು ಹೊರದೂಡುವ ಮಾತಾಗುತ್ತದೆ. ಹಿಂದಿನ ವೈಯಾಕರಣರು ‘ವಿವಕ್ಷೆ’ ಎಂದದ್ದು ಇದನ್ನೇ: ರೂಪವಲ್ಲ, ಹೇಳುವವರ ಇಚ್ಛೆ.

ಲಿಂಗತ್ವ ಅಲ್ಪಸಂಖ್ಯಾತ ಸಮುದಾಯಗಳು ತಮ್ಮೊಳಗಿನ ಮಾತನ್ನು ಬಂಧುವಾಚಕಗಳ ಮೇಲೆಯೇ ಕಟ್ಟಿಕೊಂಡಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹುಟ್ಟಿದ ಮನೆ ಹೊರಗೆ ಹಾಕಿದ ಮೇಲೆ ಗುರು, ಚೇಲಾ, ನಾನಿ, ಅಮ್ಮ, ಅಕ್ಕ, ಮಗಳು ಎಂಬ ಪದಗಳೇ ಇನ್ನೊಂದು ಮನೆಯಾಗುತ್ತವೆ. ರೇವತಿಯವರ ಆತ್ಮಕಥನ, ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದದ್ದು, ಬೆಂಗಳೂರಿನ ಹಮಾಮುಗಳಲ್ಲಿನ ಇಂಥ ಸಂಬಂಧಗಳನ್ನು ದಾಖಲಿಸಿದೆ. ಕಿರಾ ಹಾಲ್ ಮತ್ತು ವೆರೋನಿಕಾ ಓಡೊನೋವನ್ 1996ರಲ್ಲಿ ಬನಾರಸಿನ ಹಿಜ್ರಾ ಸಮುದಾಯದ ಹಿಂದಿಯನ್ನು ಕುರಿತು ಪ್ರಕಟಿಸಿದ ಅಧ್ಯಯನ, ಅಲ್ಲಿನವರು ಆಪ್ತತೆಗೆ ಸ್ತ್ರೀಲಿಂಗವನ್ನೂ ಅಧಿಕಾರ, ಅಂತರಗಳಿಗೆ ಪುಲ್ಲಿಂಗವನ್ನೂ ಬದಲಿಸಿ ಬಳಸುವುದನ್ನು ತೋರಿಸಿತು. ಹಿಂದಿಯಲ್ಲಿ ‘ನಾನು ಹೋದೆ’ ಎನ್ನಲೂ ಲಿಂಗ ಹೇಳಲೇಬೇಕು. ಕನ್ನಡದಲ್ಲಿ ‘ಹೋದೆ’ ಎಂಬುದಕ್ಕೆ ಲಿಂಗವಿಲ್ಲ, ‘ಹೋದೆಯಾ’ ಎಂಬುದಕ್ಕೂ ಇಲ್ಲ. ಆದರೆ ‘ಹೋದೆಯೇನೋ’, ‘ಹೋದೆಯೇನೇ’ ಎಂದ ಕೂಡಲೇ ಲಿಂಗ ಬಂತು. ‘ಬಾರೋ - ಬಾರೇ’, ‘ಕಣೋ - ಕಣೇ’ ಎಂಬ ಸಂಬೋಧನೆಯ ಬಾಲದಲ್ಲಿ ಕನ್ನಡ ತನ್ನ ಲಿಂಗವನ್ನು ಅಡಗಿಸಿಟ್ಟಿದೆ. ಸರ್ವನಾಮದ ಕೋಷ್ಟಕವಷ್ಟನ್ನೇ ಹಿಡಿದು ಕುಳಿತ ಸಂಶೋಧಕರಿಗೆ ಇದು ಕಾಣಿಸದು. ಹೆಣ್ಣಾಗಿ ಬದುಕಬಯಸುವ ಒಬ್ಬರಿಗೆ ಗೆಳತಿಯ ಬಾಯಿಂದ ಬಂದ ‘ಬಾರೇ’ ಎಂಬ ಒಂದು ಎಕಾರ ಕೊಡುವ ಮಾನ್ಯತೆಯನ್ನು ಪತ್ರಿಕೆಯ ಹತ್ತು ‘ಅವರು’ಗಳೂ ಕೊಡಲಾರವು. (ಹೆಣ್ಣುಮಕ್ಕಳು ತಮ್ಮ ನಡುವೆ ‘ಕಣೋ’ ಎಂದುಕೊಳ್ಳುವುದು, ತಾಯಿ ಮಗಳನ್ನು ‘ಬಾರಪ್ಪ’ ಎಂದು ಮುದ್ದಿಸುವುದು ಈ ನಿಯಮದ ಮೇಲಿನ ಆಟ, ನಿಯಮ ಇರುವುದರಿಂದಲೇ ಆ ಆಟ ಸಾಧ್ಯ.) ಇದೇ ಮಾತು ಗಂಡಾಗಿ ಬದುಕುವವರಿಗೂ ಅನ್ವಯಿಸುತ್ತದೆ. ‘ಮಂಗಳಮುಖಿ’ ಎಂಬ ಗೌರವಪದ ಹೆಣ್ಣಿನ ರೂಪದ್ದಾದ್ದರಿಂದ ಅವರಿಗೆ ಅದರಲ್ಲಿ ಜಾಗವಿಲ್ಲ. ಅವರಿಗೆ ಬೇಕಿರುವುದು ‘ಅಣ್ಣ’, ‘ಅವನು’, ‘ಬಾರೋ’.

ಹಾಗಾದರೆ ‘ಅವರು’ ಸಾಲದೆ? ಇಂಗ್ಲಿಷಿನವರು ಬಹುವಚನದ ಸರ್ವನಾಮವನ್ನು ಏಕವ್ಯಕ್ತಿಗೆ ಬಳಸುವ ಬಗ್ಗೆ ಇಂದಿಗೂ ಕಾದಾಡುತ್ತಿರುವಾಗ ಕನ್ನಡದಲ್ಲಿ ಆ ಸೌಲಭ್ಯ ಶತಮಾನಗಳಿಂದ ಇದೆ ಎಂಬ ಹೆಮ್ಮೆಯ ಮಾತು ಕೇಳಿಬರುತ್ತದೆ. ಬರಹಕ್ಕೆ, ಸಭೆಗೆ, ಅಪರಿಚಿತರಿಗೆ ‘ಅವರು’ ತಕ್ಕದ್ದೇ. ಆದರೆ ಅದು ಲಿಂಗರಹಿತ ಮಾತ್ರವಲ್ಲ, ಗೌರವಸೂಚಕ. ಗೌರವವನ್ನು ಕನ್ನಡ ಸಮಾಜ ಎಲ್ಲರಿಗೂ ಸಮನಾಗಿ ಹಂಚಿಲ್ಲ. ಮಂತ್ರಿಗೆ ‘ಅವರು’, ಆರೋಪಿಗೆ ‘ಆತ’ ಎಂಬುದು ಪತ್ರಿಕಾಭಾಷೆಯ ಅಲಿಖಿತ ನಿಯಮ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ ಅವರ ಹೆಸರಿನೊಂದಿಗೆ ‘ಅವರು’ ತಾನಾಗಿಯೇ ಬಂತು. ಹೆದ್ದಾರಿಯ ಸುಂಕದ ಕಟ್ಟೆಯ ಬಳಿ ಕೈಚಾಚುವವರಿಗೆ ಅದು ಬರುವುದಿಲ್ಲ. ‘ಅವರು’ ಎಂಬುದು ಹಕ್ಕಾಗದೆ ಪ್ರಶಸ್ತಿಯ ಜೊತೆಗಿನ ಶಾಲಾಗಿ ಉಳಿದರೆ ಅದರ ಲಿಂಗರಹಿತತೆಯಿಂದ ಲಾಭವಿಲ್ಲ.

ಲಿಂಗರಹಿತತೆಯನ್ನೇ ಎಲ್ಲರೂ ಬಯಸುತ್ತಾರೆ ಎಂಬುದೂ ವಿದ್ವತ್ತಿನ ಒಂದು ಊಹೆ. ಹೆಣ್ಣುಗಂಡುಗಳ ಗುರುತು ದೇಹದ್ದು, ನಡುವಿನ ಆತ್ಮ ಎರಡೂ ಅಲ್ಲ ಎಂಬ ಜೇಡರ ದಾಸಿಮಯ್ಯನ ವಚನವನ್ನು ವಿಚಾರಗೋಷ್ಠಿಗಳಲ್ಲಿ ಈ ಸಂದರ್ಭಕ್ಕೆ ತಪ್ಪದೆ ಉಲ್ಲೇಖಿಸಲಾಗುತ್ತದೆ. ಅರುಣ್ ಜೋಳದಕೂಡ್ಲಿಗಿ ಅವರು ನಿರೂಪಿಸಿದ ಮಂಜಮ್ಮನವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ವಚನಕಾರನ ‘ಆತ್ಮ’ವಿದ್ದ ಜಾಗದಲ್ಲಿ ‘ಹೆಣ್ಣು’ ಬಂದಿದೆ. ಎರಡನ್ನೂ ನಿರಾಕರಿಸುವುದು ಅಲ್ಲಿ ಗುರಿಯಲ್ಲ. ನಿರಾಕರಿಸಲ್ಪಟ್ಟ ಒಂದನ್ನು ಪಡೆದುಕೊಳ್ಳುವುದು ಗುರಿ. ಅವರಿಗೆ ‘ಅವಳು’ ಎಂಬುದು ಸಂಕೋಲೆಯಲ್ಲ, ಗಳಿಕೆ.

ಕಾನೂನಿನ ಭಾಷೆ ಇದೇ ದಾರಿಯನ್ನು ಎಡವುತ್ತ ನಡೆದಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ‘ಯೂನಕ್’ ಎಂಬ ಹೆಸರಿನಲ್ಲಿ ಇವರ ಪಟ್ಟಿ ಮಾಡಿಸಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮಿನಲ್ಲಿ ಅದೇ ಪದ ಮರಳಿ ಬಂತು. ಸಮುದಾಯದ ಹೋರಾಟದ ತರುವಾಯ ಅದನ್ನು ತೆಗೆದು ‘ವ್ಯಕ್ತಿ’ ಎಂದು ತಿದ್ದಲಾಯಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅಃರಿಣೈಯಿಂದ ಉಯರ್ತಿಣೈಗೆ. ಈ ನಡುವೆ 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ನಾಲ್ಸಾ ಪ್ರಕರಣದ ತೀರ್ಪಿನಲ್ಲಿ, ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಮನ್ನಿಸಿತು.

ತೀರ್ಪುಗಳು ದೂರದವು, ಬಸ್ಸು ಹತ್ತಿರದ್ದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣ ಕೊಟ್ಟಿತು. ಅಂದಿನಿಂದ ದೊಡ್ಡಬಳ್ಳಾಪುರ, ನೆಲಮಂಗಲಗಳ ಬಸ್ಸಿನ ನಿರ್ವಾಹಕರ ಮುಂದೆ ವ್ಯಾಕರಣದ ಪ್ರಶ್ನೆಯೊಂದು ನಿಂತಿದೆ. ‘ಎಲ್ಲಿಗಮ್ಮ?’ ಎಂದರೆ ಒಂದು, ‘ಎಲ್ಲಿಗಪ್ಪ?’ ಎಂದರೆ ಇನ್ನೊಂದು, ಬರಿದೇ ‘ಎಲ್ಲಿಗೆ?’ ಎಂದರೆ ಮತ್ತೊಂದು. ಮೂರನೆಯದು ಕನ್ನಡ ಕೊಡುವ ಜಾಣ ದಾರಿ. ಹಳಗನ್ನಡದ ‘ಬಾರಂ’, ‘ಬಾರಳ್’, ‘ಬಾರದು’ ಎಂಬ ನಿಷೇಧರೂಪಗಳು ಲಿಂಗವನ್ನು ಹೊತ್ತಿದ್ದವು. ಇಂದಿನ ‘ಬರಲಿಲ್ಲ’, ‘ಬರುವುದಿಲ್ಲ’ ಎಂಬುವು ಅದನ್ನು ಇಳಿಸಿವೆ. ‘ಬರಲಿ’, ‘ಬೇಕು’, ‘ಗೊತ್ತು’ ಎಂಬುವೂ ಹಾಗೆಯೇ. ಗೊತ್ತಿಲ್ಲದಿದ್ದಾಗ ಸುಮ್ಮನಿರುವ ಅವಕಾಶವನ್ನು ಭಾಷೆ ತಾನಾಗಿಯೇ ಬೆಳೆಸಿಕೊಂಡಿದೆ.

ಹೊಸ ಸರ್ವನಾಮವೊಂದನ್ನು ಟಂಕಿಸಬೇಕೆಂಬ ಸಲಹೆಗಿಂತ ಕನ್ನಡ ವಿಭಾಗಗಳ ಕೈಯಳತೆಯಲ್ಲೇ ಇರುವ ಕೆಲಸಗಳು ಎರಡು. ಒಂದು, ವ್ಯಾಕರಣದ ಪಾಠದಲ್ಲಿ ‘ನಪುಂಸಕಲಿಂಗ’ವನ್ನು ಸಂಸ್ಕೃತ ವ್ಯಾಕರಣದ ಚರಿತ್ರೆಗೆ ಬಿಟ್ಟು, ‘ಅದು - ಅವು’ಗಳನ್ನು ಮನುಷ್ಯೇತರವಾಚಕವೆಂದು ಕಲಿಸುವುದು. ಇದರಿಂದ ಕನ್ನಡದ ಕುರಿತ ವಿವರಣೆ ಹೆಚ್ಚು ನಿಖರವಾಗುತ್ತದೆ. ಪ್ರಶ್ನೆಪತ್ರಿಕೆ ತಿದ್ದುವ ಶ್ರಮದ ಹೊರತು ಬೇರೆ ನಷ್ಟವಿಲ್ಲ. ಇನ್ನೊಂದು ಕ್ಷೇತ್ರಕಾರ್ಯದ್ದು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗೋ ಹೊಸಕೋಟೆಯ ಸಂತೆಗೋ ಪ್ರಶ್ನಾವಳಿ ಹಿಡಿದು ಹೋಗುವ ಸಂಶೋಧಕರ ಮೊದಲ ಹಾಳೆಯಲ್ಲಿ ಹೆಸರಿನ ಕೆಳಗೆ ‘ಗಂಡು / ಹೆಣ್ಣು’ ಎಂಬ ಎರಡು ಚೌಕಗಳಿರುತ್ತವೆ. ಅವನ್ನು ಬಹುಮಟ್ಟಿಗೆ ಕೇಳದೆಯೇ, ನೋಡಿಯೇ ತುಂಬಲಾಗುತ್ತದೆ. ಆ ಜಾಗದಲ್ಲಿ ‘ಮನೆಯವರು ನಿಮ್ಮನ್ನು ಏನೆಂದು ಕರೆಯುತ್ತಾರೆ, ಜೊತೆಯವರು ಏನೆನ್ನುತ್ತಾರೆ, ನೀವಿಲ್ಲದಾಗ ಹೇಗೆ ಹೇಳುತ್ತಾರೆ’ ಎಂದು ಕೇಳಿ, ಬಂದ ಉತ್ತರವನ್ನು ಎಕಾರ ಓಕಾರಗಳ ಸಮೇತ ಬ��ೆದುಕೊಳ್ಳಬಹುದು.