ಕದವಿಕ್ಕಿದ ಮಠವೂ ನಾಗರಿಕರ ಧರ್ಮವೂ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಜನರಿಗೆ ವಿರಕ್ತ ಜೀವನವೆಂದರೇನೆಂಬದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಬಂದ ಯಾತ್ರಿಕನು ಭೀಮಾ-ಅಮರಜಾ ಸಂಗಮದಲ್ಲಿ ಮಿಂದು, ಶ್ರೀ ನೃಸಿಂಹಸರಸ್ವತಿಗಳ ಪಾದುಕೆಗಳ ದರ್ಶನ ಪಡೆದು, ಮನೆಮನೆಗೆ ಹೋಗಿ ಮಾಧುಕರಿ ಬೇಡುವನು. ನಿನ್ನಿಂದ ಊರಿಗೆ ಏನು ಪ್ರಯೋಜನವೆಂದು ಅವನನ್ನು ಯಾರೂ ಕೇಳುವದಿಲ್ಲ. ಜೇವರ್ಗಿಯು ಅಖಂಡೇಶ್ವರ ಅಂಕಿತದಿಂದ ವಚನಗಳನ್ನು ನುಡಿದ ಷಣ್ಮುಖಸ್ವಾಮಿಗಳ ಊರು. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗೆಯಿದೆ. ಸಂಸಾರವನ್ನು ಬಿಟ್ಟವನಿಗೂ ಊರಿನಲ್ಲಿ ಒಂದು ಸ್ಥಳವುಂಟೆಂಬ ತಿಳಿವಳಿಕೆಯು ಈ ಸೀಮೆಯಲ್ಲಿ ಹಿರಿಯರಿಂದ ಬಂದದ್ದು.

ಇಂಥ ಸೀಮೆಯ ವಾಚಕರ ಮುಂದೆ ನಾವು ಇಂದು ಮಂಗಳೂರಿನ ಒಂದು ವಿಷಯವನ್ನು ಇಡಬಯಸುವೆವು. ಮಂಗಳೂರು ದೂರದ್ದು, ವಿಷಯವು ಕೆಥೋಲಿಕ ಕ್ರೈಸ್ತರದು, ಅದರಿಂದ ನಮಗೇನೆಂದು ಯಾರೂ ಎನ್ನಬಾರದು. 2005ರಲ್ಲಿ ಬಳ್ಳಾರಿಯ ಧರ್ಮಪ್ರಾಂತವನ್ನು ವಿಭಾಗಿಸಿ ಗುಲಬರ್ಗಾ ಧರ್ಮಪ್ರಾಂತವನ್ನು ಬೇರೆಯಾಗಿ ಸ್ಥಾಪಿಸಲಾಯಿತು. ಆ ಸಮಾಜದವರು ನಮ್ಮ ಜಿಲ್ಲೆಯಲ್ಲಿಯೂ ನಮ್ಮ ನೆರೆಯವರೇ ಆಗಿದ್ದಾರೆ. ಮೇಲಾಗಿ, ನಾವು ಎತ್ತುವ ಪ್ರಶ್ನೆಯು ಒಂದು ಮತಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಶಾಲೆಯನ್ನು ನಡೆಯಿಸದೆ, ಆಸ್ಪತ್ರೆಯನ್ನು ಕಟ್ಟದೆ, ಪಟ್ಟಣದ ನಟ್ಟನಡುವೆ ಕದವಿಕ್ಕಿಕೊಂಡು ಕೇವಲ ಪ್ರಾರ್ಥನೆಯಲ್ಲಿಯೇ ಆಯುಷ್ಯವನ್ನು ಕಳೆಯುವ ಸ್ತ್ರೀಯರಿಗೆ ಧರ್ಮನಿರಪೇಕ್ಷ ರಾಜ್ಯದಲ್ಲಿ ಸ್ಥಳವುಂಟೋ ಇಲ್ಲವೋ ಎಂಬದೇ ಆ ಪ್ರಶ್ನೆ.

ಕೆಥೋಲಿಕ ಸನ್ಯಾಸಿನಿಯರಲ್ಲಿ ಎರಡು ಬಗೆಯವರುಂಟು. ಹೊರಗೆ ಬಂದು ಪಾಠ ಹೇಳುವವರು, ರೋಗಿಗಳ ಶುಶ್ರೂಷೆ ಮಾಡುವವರು ಒಂದು ಬಗೆ. ಇವರನ್ನು ನಾವೆಲ್ಲರೂ ಬಲ್ಲೆವು. ಆವರಣದ ಗೋಡೆಯೊಳಗೇ ಇದ್ದು ಧ್ಯಾನ, ಮೌನ, ಕೈಗೆಲಸಗಳಲ್ಲಿ ದಿನಗಳೆಯುವವರು ಇನ್ನೊಂದು ಬಗೆ. ಮಂಗಳೂರಿಗೆ ಇವೆರಡೂ ಬಗೆಯ ಕಾರ್ಮೆಲ್ ಸನ್ಯಾಸಿನಿಯರು 1870ರ ನವೆಂಬರದಲ್ಲಿ ಕೂಡಿಯೇ ಬಂದರು. ಬೋಧನೆಯ ವ್ರತವನ್ನು ಕೈಕೊಂಡವರ ಸಂಸ್ಥೆಯಿಂದ 1921ರಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ಹುಟ್ಟಿತು. ಸ್ತ್ರೀಶಿಕ್ಷಣದ ಪ್ರಸಂಗ ಬಂದಾಗ ಅದರ ಹೆಸರನ್ನು ಹೇಳದವರಿಲ್ಲ. ಆವರಣವಾಸದ ವ್ರತವನ್ನು ಹಿಡಿದವರ ಕಥೆಯನ್ನಾದರೋ ಕೇಳಿದವರು ವಿರಳ. ಫ್ರಾನ್ಸ ದೇಶದ ಪೋ ಎಂಬ ಊರಿನ ಮಠದಿಂದ ಹೊರಟ ಆ ಚಿಕ್ಕ ತಂಡದಲ್ಲಿ ಮೂವರು ಮಂಗಳೂರನ್ನು ಮುಟ್ಟುವ ಮುನ್ನವೇ ಪ್ರಯಾಣದಲ್ಲಿ ತೀರಿಕೊಂಡರು. ಬದುಕಿ ಬಂದವರಲ್ಲಿ ಪ್ಯಾಲೆಸ್ಟೈನಿನ ಮರಿಯಂ ಬವಾರ್ದಿ ಎಂಬ ಬಡ ಅರಬ ತರುಣಿಯೊಬ್ಬಳಿದ್ದಳು. ಆಕೆ 1871ರಲ್ಲಿ ಮಂಗಳೂರಲ್ಲಿಯೇ ವ್ರತದೀಕ್ಷೆಯನ್ನು ಪಡೆದಳು. ಮಠದೊಳಗಿನವರ ಸಂಶಯಕ್ಕೆ ಗುರಿಯಾಗಿ 1872ರಲ್ಲಿ ಫ್ರಾನ್ಸಿಗೆ ಮರಳಬೇಕಾಯಿತು. ಮುಂದೆ ಬೆತ್ಲೆಹೇಮಿನ ಮಠದ ಸ್ಥಾಪನೆಗೆ ದುಡಿದು 1878ರಲ್ಲಿ ಕಾಲವಾದಳು. 2015ರ ಮೇ 17ರಂದು ರೋಮಿನಲ್ಲಿ ಆಕೆಯನ್ನು ಸಂತಳೆಂದು ಘೋಷಿಸಿದರು. ಕನ್ನಡ ನಾಡಿನ ಒಂದು ಪಟ್ಟಣದಲ್ಲಿ ದೀಕ್ಷೆ ಪಡೆದವಳೊಬ್ಬಳು ಜಗತ್ತಿನ ಕೆಥೋಲಿಕರೆಲ್ಲರಿಗೆ ಪೂಜ್ಯಳಾದ ಸಂಗತಿಯನ್ನು ನಮ್ಮಲ್ಲಿ ಎಷ್ಟು ಜನರು ಬಲ್ಲರು?

ಈ ಮಠಗಳ ನೇಮವು ಹಳೆಯದು. ಸ್ಪೇನಿನ ತೆರೇಸಾ ಎಂಬ ಸಾಧ್ವಿಯು 1562ರಲ್ಲಿ ಆವಿಲಾ ಊರಿನಲ್ಲಿ ಮೊದಲ ಸುಧಾರಿತ ಮಠವನ್ನು ತೆರೆದು ಹಾಕಿಕೊಟ್ಟ ದಾರಿಯೇ ಇಂದಿಗೂ ಕಾರ್ಮೆಲ್ ಮಠಗಳಿಗೆ ಮೂಲವಾಗಿದೆ. ಹಾಗೆಂದು ಅವು ಕಾಲದ ಗಾಳಿಯಿಂದ ಪೂರಾ ಪಾರಾಗಿ ಉಳಿದವೆಂದು ತಿಳಿಯಲಾಗದು. 1962ರಿಂದ 1965ರವರೆಗೆ ಜರುಗಿದ ವ್ಯಾಟಿಕನ್ ಮಹಾಸಭೆಯ ತರುವಾಯ ಲ್ಯಾಟಿನ್ ಭಾಷೆಯ ಬಲಿಪೂಜೆಯು ಜನರ ನುಡಿಗಳಿಗೆ ಇಳಿಯಿತು. ಕನ್ನಡದಲ್ಲಿಯೂ ಪೂಜೆ ನಡೆಯತೊಡಗಿತು. ಇದನ್ನು ಒಪ್ಪದೆ ಹಳೆಯ ವಿಧಿಯೇ ಬೇಕೆಂದು ಹಟ ಹಿಡಿದವರೂ ಆ ಸಭೆಯಲ್ಲಿ ಹುಟ್ಟಿಕೊಂಡರು. 2007ರಲ್ಲಿ ಒಬ್ಬ ಪೋಪರು ಹಳೆಯ ಲ್ಯಾಟಿನ್ ವಿಧಿಗೆ ಹೆಚ್ಚಿನ ಅವಕಾಶವನ್ನಿತ್ತರೆ, 2021ರಲ್ಲಿ ಅವರ ಉತ್ತರಾಧಿಕಾರಿಗಳು ಅದನ್ನು ಬಿಗಿಹಿಡಿದರು. ಕಾರ್ಮೆಲ್ ಮಠಗಳೊಳಗೂ ಒಮ್ಮತವಿರಲಿಲ್ಲ: ಹಳೆಯ ಕಟ್ಟುನಿಟ್ಟನ್ನು ಬಯಸಿದ ಮಠಗಳಿಗಾಗಿ 1990ರಲ್ಲಿ ಒಂದು ನಿಯಮಾವಳಿಯೂ ಉಳಿದವುಗಳಿಗಾಗಿ 1991ರಲ್ಲಿ ಇನ್ನೊಂದೂ ರೋಮಿನಿಂದ ಮಂಜೂರಾದವು. ಪೂರ್ವಾಚಾರವೇ, ಸುಧಾರಣೆಯೇ ಎಂಬ ಈ ವಾದವು ನಮ್ಮ ಮಠಮಂದಿರಗಳಿಗೂ ಹೊಸದಲ್ಲ. ಇದರಲ್ಲಿ ಯಾವ ಪಕ್ಷವು ಗೆಲ್ಲಬೇಕೆಂದು ತೀರ್ಪು ಕೊಡುವದು ಸರಕಾರದ ಕೆಲಸವಲ್ಲ; ಪತ್ರಿಕೆಯ ಕೆಲಸವೂ ಅಲ್ಲ. ಅದು ಆ ವ್ರತವನ್ನು ಹಿಡಿದವರ ಕೆಲಸ.

ಈಗ ಮುಖ್ಯ ಸಂಗತಿಗೆ ಬರುವೆವು. ಮಂಗಳೂರಿನಲ್ಲಿ ಮಿಲಾಗ್ರಿಸ್ ಇಗರ್ಜಿಯ ಹತ್ತಿರ ಸಂತ ಕ್ಲಾರಾಳ ಪಂಥದ ಸನ್ಯಾಸಿನಿಯರ ಆರಾಧನಾ ಮಠವೊಂದಿದೆ. ಪರಮಪ್ರಸಾದದ ಮುಂದೆ ಕುಳಿತು ಪ್ರಾರ್ಥಿಸುವದೇ ಇವರ ವ್ರತ. 2008ರ ಸಪ್ಟಂಬರ 14ರ ರವಿವಾರ ಬೆಳಿಗ್ಗೆ ಗುಂಪೊಂದು ಈ ಮಠದ ಪ್ರಾರ್ಥನಾಲಯಕ್ಕೆ ನುಗ್ಗಿ ಶಿಲುಬೆಯನ್ನೂ ಪರಮಪ್ರಸಾದವನ್ನಿಡುವ ಪೆಟ್ಟಿಗೆಯನ್ನೂ ಒಡೆಯಿತು. ಅದೇ ದಿನ ದಕ್ಷಿಣ ಕನ್ನಡದಲ್ಲಿಯೂ ಇತರ ಜಿಲ್ಲೆಗಳಲ್ಲಿಯೂ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ಮತಾಂತರ ನಡೆದಿದೆ, ಹಿಂದೂ ದೇವತೆಗಳನ್ನು ಹಳಿಯುವ ಪುಸ್ತಕವನ್ನು ಹಂಚಲಾಗಿದೆ ಎಂಬದೇ ದಾಳಿಗೆ ಕೊಟ್ಟ ಕಾರಣ. ದಾಳಿಗಳನ್ನು ಬಹಿರಂಗವಾಗಿ ಸಮರ್ಥಿಸಿದ ಸಂಘಟನೆಯ ಅಂದಿನ ರಾಜ್ಯ ಸಂಚಾಲಕರು ಬಂಧನಕ್ಕೊಳಗಾದರು. ಸರಕಾರವು ನೇಮಿಸಿದ ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗವು 2011ರ ಜನವರಿಯಲ್ಲಿ ಅಂತಿಮ ವರದಿಯನ್ನು ಒಪ್ಪಿಸಿತು. ಕ್ರೈಸ್ತ ಸಮಾಜಕ್ಕೆ ಅದರ ನಿರ್ಣಯಗಳು ಸಮ್ಮತವಾಗಲಿಲ್ಲ.

ವಾಚಕರು ಒಂದು ಕ್ಷಣ ವಿಚಾರ ಮಾಡಬೇಕು. ಮತಾಂತರದ ವಿಷಯದಲ್ಲಿ ಯಾರ ಅಭಿಪ್ರಾಯವು ಏನೇ ಇರಲಿ. ಬಲಾತ್ಕಾರದಿಂದಲೋ ಮೋಸದಿಂದಲೋ ಮತ ಬದಲಿಸುವದನ್ನು ನಾವೂ ಒಪ್ಪುವದಿಲ್ಲ. ಮತಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿಯೇ ಹೇಳಿದೆ. ತಪ್ಪು ನಡೆದಿದ್ದರೆ ಪೋಲೀಸರಿದ್ದಾರೆ, ನ್ಯಾಯಾಲಯವಿದೆ. ಆದರೆ ಆವರಣವನ್ನೇ ದಾಟದ ಸ್ತ್ರೀಯರು ಯಾವ ಓಣಿಗೆ ಹೋಗಿ ಯಾರ ಮತವನ್ನು ಕೆಡಿಸಿದರು? ಮತಪ್ರಚಾರಕ್ಕೆ ಹೊರಡುವದಿಲ್ಲವೆಂಬದೇ ಯಾರ ಜೀವನಕ್ರಮವೋ ಅವರ ಮೇಲೆಯೇ ಮತಾಂತರದ ಸೇಡು ತೀರಿಸಲಾಯಿತು. ಎದುರು ನಿಲ್ಲಲಾರದವರ ಬಾಗಿಲು ಹತ್ತಿರವಾಯಿತು, ಅಷ್ಟೇ. ಇದರಲ್ಲಿ ಧರ್ಮರಕ್ಷಣೆಯನ್ನು ಕಾಣುವವರು ನಮ್ಮ ಪೂರ್ವಿಕರ ಧರ್ಮವನ್ನು ಅರಿಯರು.

ಇಂಥ ಮಠಗಳಿಗೆ ಕಾನೂನಿನ ಆಸರೆಯು ಎಲ್ಲಿಂದ ದೊರೆಯಿತೆಂಬದು ಇನ್ನೂ ಗಮನಿಸತಕ್ಕ ವಿಷಯ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಸ್ವಾಮಿಗಳು ಅಂದಿನ ಮದ್ರಾಸು ಸರಕಾರದ 1951ರ ಧಾರ್ಮಿಕ ದತ್ತಿ ಕಾನೂನಿನ ವಿರುದ್ಧ ಹೂಡಿದ ದಾವೆಯು ಸುಪ್ರೀಂ ಕೋರ್ಟಿನವರೆಗೆ ಹೋಗಿ 1954ರಲ್ಲಿ ತೀರ್ಮಾನವಾಯಿತು. ಧರ್ಮವೆಂದರೆ ಮನಸ್ಸಿನ ನಂಬಿಗೆ ಮಾತ್ರವಲ್ಲ, ಆಚಾರ ವಿಧಿಗಳೂ ಅದರಲ್ಲಿ ಸೇರುವವೆಂದು ನ್ಯಾಯಾಧೀಶರು ನಿರ್ಣಯಿಸಿದರು. ಅಧಿಕಾರಿಗಳು ಬೇಕಾದಾಗ ಬೇಕಾದಲ್ಲಿಗೆ ಮಠದೊಳಗೆ ಪ್ರವೇಶಿಸಬಹುದೆಂಬ ಕಲಮನ್ನು, ಅದಕ್ಕೆ ಯಾವ ಕಟ್ಟುಪಾಡೂ ಇಲ್ಲವೆಂಬ ಕಾರಣದಿಂದ, ಅಸಿಂಧುವೆಂದು ಸಾರಿದರು. ಮಠದ ಆಸ್ತಿಯ ಆಡಳಿತವು ಮಾತ್ರ ಕಾನೂನಿಗೆ ಒಳಪಡಬೇಕೆಂದೂ ಹೇಳಿದರು. ಮಾಧ್ವ ಸನ್ಯಾಸಿಗಳೊಬ್ಬರು ಗಳಿಸಿದ ಈ ತೀರ್ಪಿನ ನೆರಳು ಇಂದು ಕಾರ್ಮೆಲಿನ ಆವರಣದ ಮೇಲೆಯೂ ಇದೆ, ದರ್ಗೆಯ ಮೇಲೆಯೂ ಇದೆ, ಊರಿನ ವಿರಕ್ತಮಠದ ಮೇಲೆಯೂ ಇದೆ. ಒಬ್ಬರ ಬಾಗಿಲನ್ನು ಒಡೆಯಲು ಹೊರಟವರು ಎಲ್ಲರ ಬಾಗಿಲಿನ ಅಗಳಿಯನ್ನು ಸಡಿಲಿಸುವರೆಂಬದನ್ನು ಇದರಿಂದ ತಿಳಿಯಬೇಕು.

ಇನ್ನು, ಸುಶಿಕ್ಷಿತರಲ್ಲಿ ಕೆಲವರು ಬೇರೊಂದು ಆಕ್ಷೇಪವನ್ನೆತ್ತುವರು. ಗೋಡೆಯೊಳಗೆ ಹೆಣ್ಣುಮಕ್ಕಳನ್ನು ಇಡುವದು ಸ್ವಾತಂತ್ರ್ಯದ ಯುಗಕ್ಕೆ ಒಪ್ಪುವದೇ? ಒಳಗಿನವರು ಮನಸಾರೆ ಒಳಗಿದ್ದಾರೆಂದು ನಂಬುವದು ಹೇಗೆ? ಈ ಆಕ್ಷೇಪವು ಗೂಂಡಾಗಿರಿಯಂತೆ ತಳ್ಳಿಹಾಕತಕ್ಕದ್ದಲ್ಲ. ಇದಕ್ಕೆ ಉತ್ತರ ಹೇಳಲೇಬೇಕು. ರೋಮಿನ 2018ರ ನಿಯಮಗಳಂತೆ ಇಂಥ ಮಠವನ್ನು ಸೇರಬಯಸುವವಳು ಕಡೆಯ ವ್ರತವನ್ನು ತೊಡುವ ಮೊದಲು ಕನಿಷ್ಠ 9 ವರ್ಷಗಳ ಪರೀಕ್ಷಾವಧಿಯನ್ನು ಕಳೆಯಬೇಕು. ನಮ್ಮಲ್ಲಿ ಮದುವೆಯ ನಿಶ್ಚಯಕ್ಕೆ ಒಂಬತ್ತು ತಿಂಗಳೂ ಹಿಡಿಯುವದಿಲ್ಲವೆಂಬದನ್ನು ಆಕ್ಷೇಪಕರು ನೆನೆಯಲಿ. 1999ರ ಆಜ್ಞೆಯಲ್ಲಿ, ಅನಾರೋಗ್ಯಕ್ಕಾಗಿಯೂ ನಾಗರಿಕ ಹಕ್ಕುಗಳನ್ನು ಚಲಾಯಿಸಲಿಕ್ಕಾಗಿಯೂ ಆವರಣದಿಂದ ಹೊರಗೆ ಹೋಗಬಹುದೆಂದು ಸ್ಪಷ್ಟವಾಗಿ ಹೇಳಿದೆ. ಮತ ಹಾಕುವ ಹಕ್ಕೂ ಇದರಲ್ಲಿ ಬಂದಿತು. ಆದರೂ ನೇಮದ ಪುಸ್ತಕದಲ್ಲಿ ಬರೆದದ್ದೆಲ್ಲವೂ ನೇಮದಂತೆಯೇ ನಡೆಯುವದೆಂದು ನಾವು ಹೊಣೆ ಹೊರಲಾರೆವು. ಯಾವ ಮತದ ಮಠದ ವಿಷಯದಲ್ಲಿಯೂ ಹಾಗೆ ಹೊಣೆ ಹೊರಲಾಗದು. ಅಗಳಿಯು ಒಳಗಿನವಳ ಕೈಯಲ್ಲಿರಬೇಕು. ಹೊರಗೆ ಬರಬೇಕೆಂದವಳ ದನಿಯು ನ್ಯಾಯಾಧೀಶರಿಗೆ ಕೇಳಿಸಬೇಕು. ಅಂಥ ದೂರು ಬಂದಾಗ ಮಠದ ಘನತೆಯನ್ನು ನೋಡಿ ಅಧಿಕಾರಿಯು ಹಿಂಜರಿಯಕೂಡದು. ದೂರೇ ಇಲ್ಲದಾಗ ಕುತೂಹಲಕ್ಕಾಗಿ ಬಾಗಿಲು ತಟ್ಟಕೂಡದು.

ಉಪಯೋಗದ ತಕ್ಕಡಿಯಲ್ಲಿಯೇ ಎಲ್ಲವನ್ನೂ ತೂಗುವವರಿಗೆ ನಮ್ಮ ಉತ್ತರವು ಚಿಕ್ಕದು. ಶಾಲೆ ಕಟ್ಟಿದವರಿಗೆ ಮಾತ್ರ ಧರ್ಮಸ್ವಾತಂತ್ರ್ಯವೆಂದು ಸಂವಿಧಾನದ 25ನೆಯ ಕಲಮಿನಲ್ಲಿ ಎಲ್ಲಿಯೂ ಬರೆದಿಲ್ಲ. ಉಪಕಾರಕ್ಕೆ ಪ್ರತಿಯಾಗಿ ಕೊಡುವದು ಹಕ್ಕಲ್ಲ, ಕೂಲಿ. ಇಂದು ಅವರ ಕಾಲೇಜಿಗಾಗಿ ಅವರನ್ನು ಸಹಿಸುವ ಪಟ್ಟಣವು, ನಾಳೆ ಕಾಲೇಜು ಬೇಡವೆನಿಸಿದಾಗ ಅವರನ್ನೂ ಬೇಡವೆನ್ನುವದು.

ಇದು ಮಂಗಳೂರಿಗೆ ಮಾತ್ರ ಹೇಳುವ ಬುದ್ಧಿಯಲ್ಲ. 2022ರ ಮಾರ್ಚ್ 1ರಂದು, ಮಹಾಶಿವರಾತ್ರಿಯ ದಿನ, ದರ್ಗೆಯ ಆವರಣದಲ್ಲಿರುವ ರಾಘವಚೈತನ್ಯ ಶಿವಲಿಂಗದ ಪೂಜೆಯ ಸಂಬಂಧದಲ್ಲಿ ಆಳಂದದಲ್ಲಿ ಕಲ್ಲುತೂರಾಟವಾದದ್ದನ್ನು ನಮ್ಮ ವಾಚಕರು ಮರೆತಿಲ್ಲ. 2025ರಲ್ಲಿ ಹೈಕೋರ್ಟಿನ ಕಲಬುರಗಿ ಪೀಠವು 15 ಜನರಿಗೆ ಪೂಜೆಯ ಅನುಮತಿಯನ್ನಿತ್ತಿತು. ಪೋಲೀಸರ ಬಂದೋಬಸ್ತಿನಲ್ಲಿ ಅದು ನೆರವೇರಿತು. ಎರಡೂ ಪಕ್ಷದವರಿಗೆ ತಮ್ಮ ತಮ್ಮ ವಾದವಿದ್ದರೂ ಆ ದಿನ ಕೆಲಸ ಮಾಡಿದ್ದು ಕಲ್ಲಲ್ಲ, ಕೋರ್ಟಿನ ಆಜ್ಞೆ ಮತ್ತು ಅದನ್ನು ಜಾರಿಗೆ ತಂದ ಅಧಿಕಾರಿಗಳ ದಕ್ಷತೆ.

ಆದ್ದರಿಂದ ಮೂರೂ ತಾಲೂಕುಗಳ ತಹಶೀಲದಾರರಿಗೂ ಪೋಲೀಸ ಅಧಿಕಾರಿಗಳಿಗೂ ಊರಿನ ಹಿರಿಯರಿಗೂ ನಮ್ಮ ಸೂಚನೆ ಇಷ್ಟೇ. ಯಾವ ಪ್ರಾರ್ಥನಾಸ್ಥಳದ ಮೇಲೆ ಗಾಳಿಸುದ್ದಿ ಹಬ್ಬಿದರೂ ಸುದ್ದಿಯ ನಿಜವನ್ನು ಅದೇ ದಿನ ತಪಾಸಿಸಿ ಬಹಿರಂಗಪಡಿಸಬೇಕು. ಕಾವಲನ್ನು ಗುಂಪು ಬಂದ ಮೇಲೆ ಇಡುವದಲ್ಲ, ಮೊದಲೇ ಇಡಬೇಕು. ತಪ್ಪಿತಸ್ಥರ ಮೇಲಿನ ಮೊಕದ್ದಮೆಗಳು ವರ್ಷಗಟ್ಟಲೆ ಕೊಳೆಯದಂತೆ ನೋಡಿಕೊಳ್ಳಬೇಕು. ಮಂಗಳೂರಿನ ಆ ಸನ್ಯಾಸಿನಿಯರು ನಮ್ಮಿಂದ ದೇಣಿಗೆಯನ್ನು ಕೇಳಿಲ್ಲ, ಹೊಗಳಿಕೆಯನ್ನೂ ಕೇಳಿಲ್ಲ. ಅವರಿಗೆ ಬೇಕಾದದ್ದು ಸುಮ್ಮನೆ ಇರಗೊಡುವ ನೆರೆಹೊರೆ. ಅಷ್ಟನ್ನೂ ಕೊಡಲಾರದ ಪಟ್ಟಣವು ಆಧುನಿಕವೆಂದು ಹೆಮ್ಮೆಪಡಲು ಕಾರಣವಿಲ್ಲ.