ವಾಲಿದ ಜೀಪು

ಮೂಡಿಗೆರೆ, ಕಳಸಗಳ ಕಾಫಿತೋಟಗಳ ಕೊರಕಲು ದಾರಿಯಲ್ಲಿ ದುಡಿದ ಜೀಪು ಒಂದು ಪಕ್ಕಕ್ಕೆ ವಾಲಿದೊಡನೆ ಶಾಕ್ ಅಬ್ಸಾರ್ಬರನ್ನು ಬದಲಿಸುವುದು ತರವಲ್ಲ. ಭಾರವನ್ನು ಹೊರುವುದು ಸ್ಪ್ರಿಂಗು. ಸಾಮಾನ್ಯ ಶಾಕ್ ಅಬ್ಸಾರ್ಬರು ಅದರ ಕುಣಿತವನ್ನು ಅಡಗಿಸುವುದಷ್ಟೆ. ಸ್ಪ್ರಿಂಗಿನ ಬಾಗು ಭಾರಕ್ಕೆ ಅನುಪಾತದಲ್ಲಿರುವುದೆಂದು ರಾಬರ್ಟ್ ಹುಕ್ 1678ರಲ್ಲಿಯೇ ವಿವರಿಸಿದನು. ಆದುದರಿಂದ ಸಮಭಾರವಿದ್ದೂ ಒಂದು ಬದಿ ಹೆಚ್ಚು ಕುಗ್ಗಿದರೆ, ಸ್ಪ್ರಿಂಗಿನ ಪಟ್ಟಿ ಮುರಿದಿರಬಹುದು ಇಲ್ಲವೆ ಬಳಲಿರಬಹುದು.

ಹೇರನ್ನಿಳಿಸಿ, ಟೈರುಗಳ ಗಾಳಿಯನ್ನು ಸರಿಪಡಿಸಿ, ಸಮತಟ್ಟಾದ ನೆಲದಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ಮುಂಭಾಗದ ವಾಲಿಕೆಗೆ ಹಿಂದಿನ ಸ್ಪ್ರಿಂಗೂ ಕಾರಣವಾಗಬಹುದು: ಹಿಂಬದಿಯ ಚೌಕಟ್ಟನ್ನು ನಟ್ಟನಡುವೆ ಜಾಕಿಯಿಂದೆತ್ತಿದಾಗ ಮುಂಭಾಗ ಸಮವಾದರೆ ದೋಷ ಹಿಂದಿನದೇ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಪ್ರಯಾಣಿಕರ ಪ್ರಾಣವು ಆ ಉಕ್ಕಿನ ಪಟ್ಟಿಗಳನ್ನೂ ನಂಬಿರುತ್ತದೆ. ಊಹೆಯಿಂದ ಕೊಂಡ ಬಿಡಿಭಾಗಕ್ಕಿಂತ ಅಳತೆಯ ಪಟ್ಟಿಯೇ ಅಗ್ಗ, ಅದೇ ಕ್ಷೇಮ.